ನಿಂತರೆ ನಡುಗುವ ಕಾರು

ಗ್ಯಾಸ್ಕೆಟ್ ಎಂದರೆ ನಮಗೆಲ್ಲ ಗೊತ್ತಿರುವುದು ಕುಕ್ಕರಿನದು. ಅದು ಸಡಿಲವಾಯಿತೆಂದರೆ ಬದಿಯಿಂದ ಆವಿ ಬುಸುಗುಟ್ಟುತ್ತದೆ, ಸೀಟಿ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಆ ಸದ್ದಿಗೆ ಪಳಗಿದ ಕಿವಿ ಒಂದು ದಿನ ಕಾರಿನ ಬಾನೆಟ್ಟಿನ ಬಳಿಯೂ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ನಮ್ಮದು 1996ರಲ್ಲಿ ಕೊಂಡ ಮಾರುತಿ 800. ಮೂರು ಸಿಲಿಂಡರಿನ, 796 ಸಿಸಿಯ ಪುಟ್ಟ ಎಂಜಿನ್ನು, ಕಾರ್ಬೊರೇಟರ್ ಕಾಲದ್ದು. ಆ ಕಾರಿನ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ಯಜಮಾನರು ಇದ್ದಾಗ ಅವರೇ ಓಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಹಂಪಿ ದಾರಿಯ ಬಾಳೆತೋಟ ನೋಡುವವಳು. ಅವರು ಹೋದ ಮೇಲೆ ಮಗ, "ಮಾರಿಬಿಡಮ್ಮಾ" ಎಂದ. ಹಟಕ್ಕೆ ಬಿದ್ದು ಐವತ್ತೊಂದರಲ್ಲಿ ಡ್ರೈವಿಂಗ್ ಕಲಿತೆ. ಕಂಪ್ಲಿಯಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ರಾತ್ರಿ ಅವಳಿಗೆ ಉಸಿರು ಕಟ್ಟಿದರೆ ಹೊಸಪೇಟೆಯಲ್ಲಿ ಬಸ್ಸು ಕಾಯುತ್ತ ನಿಲ್ಲಲಾದೀತೆ?

ಕಳೆದ ಬೇಸಿಗೆಯಲ್ಲಿ ಕಾರಿಗೊಂದು ವಿಚಿತ್ರ ಕಾಯಿಲೆ ಹತ್ತಿಕೊಂಡಿತು. ಓಡುವಾಗ ಏನೂ ಇಲ್ಲ. ನಿಲ್ಲಿಸಿದೊಡನೆ ಚಳಿಜ್ವರ ಬಂದವರಂತೆ ಗಡಗಡ ನಡುಗಿ ಆರಿಹೋಗುತ್ತಿತ್ತು. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ನಡುವೆ ಹಾಗೆ ನಿಂತುಹೋದಾಗ ಕೇಳಿದ ಹಾರನ್ನು ಇಂದಿಗೂ ಕಿವಿಯಲ್ಲಿದೆ. ಗ್ಯಾರೇಜೊಂದಕ್ಕೆ ಒಯ್ದೆ. "ಲೇಡೀಸ್ ಅಲ್ವಾ ಮೇಡಂ, ಕ್ಲಚ್ ಬಿಡೋದು ಗೊತ್ತಾಗಲ್ಲ" ಎಂದರು. ಪ್ಲಗ್ ಬದಲಿಸಿದರು, ಕಾರ್ಬೊರೇಟರ್ ತೊಳೆದರು, ದುಡ್ಡು ಎಣಿಸಿಕೊಂಡರು. ನಡುಕ ಹೋಗಲಿಲ್ಲ. "ಒಳಗೆಲ್ಲೋ ಬುಸ್ ಅನ್ನುತ್ತದಪ್ಪಾ" ಎಂದ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ನನಗೇ ಅನುಮಾನ ಬಂತು, ತಪ್ಪು ನನ್ನ ಕಾಲಿನದೇ ಇರಬೇಕು ಎಂದು.

ಕಂಪ್ಲಿಯಲ್ಲಿ ಅಮ್ಮನ ಓಣಿಯ ಹತ್ತಿರ ವಯಸ್ಸಾದ ಮೇಸ್ತ್ರಿಯೊಬ್ಬರು ಸಿಕ್ಕರು. "ನಿಮಗೇನು ಕೇಳಿಸ್ತು ಹೇಳ್ರಿ ಟೀಚರಮ್ಮ" ಎಂದರು. ಹೇಳಿದೆ. ಕಾರ್ಬೊರೇಟರಿನಿಂದ ಮೂರೂ ಸಿಲಿಂಡರುಗಳಿಗೆ ಗಾಳಿ, ಪೆಟ್ರೋಲು ಹಂಚುವ ಕವಲುಕೊಳವೆಯನ್ನು ಮ್ಯಾನಿಫೋಲ್ಡ್ ಎನ್ನುತ್ತಾರೆ. ಎಂಜಿನ್ ಚಾಲೂ ಇಟ್ಟು, ಅದು ಎಂಜಿನ್ನಿಗೆ ಕೂಡುವ ಸಂದಿಗೆ ಅವರು ನೀರು ಚಿಮುಕಿಸಿದರು. ಒಂದು ಮೂಲೆಗೆ ಹನಿ ಬಿದ್ದದ್ದೇ ತಡ, ಬುಸುಗುಡುವುದು ಅಡಗಿ ಎಂಜಿನ್ನಿನ ದನಿಯೇ ಬದಲಾಯಿತು.

"ಪ್ಯಾಕಿಂಗ್ ಹೋಗೈತ್ರಿ. ಇಲ್ಲಿಂದ ಗಾಳಿ ಎಳ್ಕಂತೈತಿ."

"ಕುಕ್ಕರಿನಂಗಾ?"

"ಕುಕ್ಕರು ಹೊರಗ ಬಿಡತೈತ್ರಿ, ಇದು ಒಳಗ ಎಳೀತೈತಿ."

ಆಕ್ಸಿಲರೇಟರ್ ಒತ್ತಿದಾಗ ಕಾರ್ಬೊರೇಟರಿನ ಬಾಗಿಲು ತೆರೆದು ಗಾಳಿ ಧಾರಾಳವಾಗಿ ಬರುತ್ತದಂತೆ. ಆಗ ಕಳ್ಳಗಾಳಿ ಲೆಕ್ಕಕ್ಕಿಲ್ಲ. ಕಾಲು ತೆಗೆದರೆ ಬಾಗಿಲು ಮುಚ್ಚಿ ಒಳಗಿನ ಎಳೆತ ಹೆಚ್ಚುತ್ತದೆ. ಆಗ ಸಂದಿಯಿಂದ ನುಗ್ಗಿದ ಗಾಳಿ ಪೆಟ್ರೋಲಿನ ಹದ ಕೆಡಿಸುತ್ತದೆ. ಅದಕ್ಕೇ ನಿಂತಾಗಲೇ ನಡುಕ.

ನಾನು ಸುಮ್ಮನಾದೆ. ಯಜಮಾನರು ಹೋದ ವರ್ಷ ನನ್ನ ಗತಿಯೂ ಇದೇ ಆಗಿತ್ತು. ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ ಇದ್ದಷ್ಟು ಹೊತ್ತು ಏನೂ ಇಲ್ಲ. ಭಾನುವಾರ ಮಧ್ಯಾಹ್ನ ಕೈ ಬರಿದಾದರೆ ಕೈಯೇ ನಡುಗುತ್ತಿತ್ತು. ಓಡುವಾಗ ಮಾತ್ರ ನೋಡಿದವರು, "ಪರವಾಗಿಲ್ಲ, ಬೇಗ ಸುಧಾರಿಸಿಕೊಂಡಿರಿ" ಎನ್ನುತ್ತಿದ್ದರು.

ಎಂಜಿನ್ನು ಪೂರ್ತಿ ತಣ್ಣಗಾಗಲಿ ಎಂದು ರಿಪೇರಿ ಮರುದಿನಕ್ಕೆ ಹೋಯಿತು. ಏರ್ ಫಿಲ್ಟರ್, ಕಾರ್ಬೊರೇಟರ್ ಬಿಚ್ಚಿ, ಮ್ಯಾನಿಫೋಲ್ಡ್ ಕೆಳಗಿಳಿಯಿತು. ಸೀದ ದೋಸೆಯಂತೆ ಅಂಟಿದ್ದ ಹಳೆಯ ಪ್ಯಾಕಿಂಗನ್ನು ಮೇಸ್ತ್ರಿ ಮೆತ್ತಗೆ ಕೆರೆದರು. ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಅಲ್ಲಿಂದಲೂ ಗಾಳಿ ನುಗ್ಗುತ್ತದೆ. ಮೇಲ್ಮೈ ಸಮವಾಗಿದೆಯೇ ನೋಡಲು ನೇರವಾದ ಪಟ್ಟಿ ಬೇಕಾಯಿತು. ನನ್ನ ಬ್ಯಾಗಿನ ಸ್ಟೀಲ್ ಸ್ಕೇಲ್ ಕೊಟ್ಟೆ! ಅದನ್ನು ಅಂಚಿಗಿಟ್ಟು ಅಡಿಯಲ್ಲಿ ಬೆಳಕು ತೂರುತ್ತದೆಯೇ ಎಂದು ಪರೀಕ್ಷಿಸಿದರು. ತೂರಲಿಲ್ಲ. ಹೊಸ ಪ್ಯಾಕಿಂಗ್ ಕೂರಿಸಿ, ನಟ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪವೇ, ಎರಡು ಮೂರು ಸುತ್ತು ಬಿಗಿದರು. "ಒಂದೇ ಸಲಕ್ಕ ಬಿಗಿದ್ರ ಡೊಂಕಾಗತೈತ್ರಿ" ಎಂದರು. ಪ್ಯಾಕಿಂಗಿನ ಬೆಲೆ, ಹಿಂದೆ ಸುಮ್ಮನೆ ತೊಳೆಸಿದ ಕಾರ್ಬೊರೇಟರಿನ ಕೂಲಿಯ ಮುಂದೆ ಏನೂ ಅಲ್ಲ.

ಸಂಜೆ ಕಾರನ್ನು ಅಮ್ಮನ ಮನೆಯ ಮುಂದೆ ತಂದು, ಕಾಲು ತೆಗೆದು, ಎಂಜಿನ್ ಚಾಲೂ ಇಟ್ಟೇ ಕುಳಿತೆ. ಒಂದು ನಿಮಿಷ, ಎರಡು ನಿಮಿಷ. ಅಮ್ಮ ಗೋಡೆ ಹಿಡಿದುಕೊಂಡು ಹೊರಬಂದಳು.

"ಯಾಕ, ಮತ್ತ ಬಂದಾತೇನು? ಸದ್ದೇ ಇಲ್ಲ!"

"ಇಲ್ಲಮ್ಮ, ಚಾಲೂ ಐತಿ. ಬಾ, ಕೂಡು" ಎಂದು ಪಕ್ಕದ ಬಾಗಿಲು ತೆರೆದೆ.