ವಿಳಾಸ ವಿಭಾಗ

ಹೆಸರಿಡುವುದು ಸುಲಭ, ಹೆಸರನ್ನು ಹಿಡಿದು ಮನೆಯ ಬಾಗಿಲನ್ನು ಮುಟ್ಟುವುದು ಕಷ್ಟ. ಒಂದೇ ಊರಿನಲ್ಲಿ ಹತ್ತು ಜನ ಬಸವರಾಜರಿರುತ್ತಾರೆ, ಐದು ಜನ ಶರಣಪ್ಪರಿರುತ್ತಾರೆ. ಆದುದರಿಂದಲೇ ವ್ಯವಹಾರವು ಬೆಳೆದಂತೆಲ್ಲ ಮನುಷ್ಯನು ತನ್ನ ಹೆಸರಿಗೆ ಓಣಿ, ಊರು, ತಾಲ್ಲೂಕು, ಜಿಲ್ಲೆಗಳನ್ನು ಕೂಡಿಸುತ್ತ ಹೋಗಿ ವಿಳಾಸವನ್ನು ಕಟ್ಟಿಕೊಂಡನು. ವಿಳಾಸವೆಂಬುದು ಬರಿಯ ಗುರುತಲ್ಲ. ಅದು ದಾರಿಯೂ ಹೌದು. ಯಾರು ಎಂಬ ಪ್ರಶ್ನೆಗೆ ಹೆಸರು ಉತ್ತರ ಕೊಟ್ಟರೆ, ಎಲ್ಲಿ ಮತ್ತು ಹೇಗೆ ಎಂಬ ಪ್ರಶ್ನೆಗಳಿಗೆ ವಿಳಾಸ ಉತ್ತರ ಕೊಡುತ್ತದೆ. ಯಂತ್ರಗಳೇ ಯಂತ್ರಗಳೊಡನೆ ಮಾತನಾಡುತ್ತಿರುವ ಈ ಕಾಲದಲ್ಲಿಯೂ ಈ ತತ್ತ್ವ ಬದಲಾಗಿಲ್ಲವೆಂಬುದು ವಿಚಾರಿಸಿ ನೋಡತಕ್ಕ ಸಂಗತಿ.

ಭಾರತದ ಅಂಚೆ ಇಲಾಖೆಯು 1972ರ ಆಗಸ್ಟ್ 15ರಂದು ಪಿನ್‌ಕೋಡ್ ಪದ್ಧತಿಯನ್ನು ಜಾರಿಗೆ ತಂದಿತು. ಅದರ ಕರ್ತೃ ಶ್ರೀರಾಮ ಭಿಕಾಜಿ ವೇಲಣಕರರು ಅಧಿಕಾರಿಗಳಷ್ಟೇ ಅಲ್ಲ, ಸಂಸ್ಕೃತ ಕವಿಗಳೂ ಆಗಿದ್ದರು. ಆರು ಅಂಕಿಗಳ ಆ ಸಂಖ್ಯೆಯಲ್ಲಿ ಮೊದಲನೆಯದು ವಲಯವನ್ನು, ಎರಡನೆಯದು ಉಪವಲಯವನ್ನು, ಮೂರನೆಯದು ವಿಂಗಡಣೆಯ ಜಿಲ್ಲೆಯನ್ನು, ಕಡೆಯ ಮೂರು ಅಂಕಿಗಳು ಅಂಚೆ ಕಚೇರಿಯನ್ನು ಸೂಚಿಸುತ್ತವೆ. ಬೀದರ 585401, ಭಾಲ್ಕಿ 585328, ಔರಾದ 585326. ದಿಲ್ಲಿಯಲ್ಲಿ ಕಾಗದ ವಿಂಗಡಿಸುವವನಿಗೆ ಔರಾದ ಎಲ್ಲಿದೆಯೆಂಬುದು ತಿಳಿದಿರಬೇಕಾಗಿಲ್ಲ. ಮೊದಲಿನ ಅಂಕಿಗಳನ್ನು ನೋಡಿ ದಕ್ಷಿಣದ ಚೀಲಕ್ಕೆ ಹಾಕಿದರೆ ಅವನ ಕರ್ತವ್ಯ ಮುಗಿಯಿತು. ಆದರೆ 585ರ ಮುಂದಿನ ಮುನ್ನೂರರ ಸಾಲಿನಲ್ಲಿ ಭಾಲ್ಕಿ, ಔರಾದಗಳ ಜೊತೆಗೆ ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿಗಳೂ ಇವೆ. ಬೀದರ ಮಾತ್ರ ನಾನೂರರ ಸಾಲಿನಲ್ಲಿದೆ. ದೂರವಾಣಿಯ ಸಂಕೇತಗಳಲ್ಲಿ ಹೊಂದಾಣಿಕೆ ಇನ್ನೂ ಚೊಕ್ಕಟ: ಬೀದರ 08482, ಭಾಲ್ಕಿ 08484, ಔರಾದ 08485. 0848 ಎಂದೊಡನೆಯೇ ಸೀಮೆ ತಿಳಿಯುತ್ತದೆ. ಕಡೆಯ ಅಂಕಿಯಿಂದ ತಾಲ್ಲೂಕು ತಿಳಿಯುತ್ತದೆ. ಒಟ್ಟಾಗಿರುವವರಿಗೆ ಒಂದೇ ಮೊದಲನ್ನು ಕೊಡಬೇಕೆಂಬುದೇ ವಿಳಾಸ ವಿಭಾಗದ ಮೊದಲ ಸೂತ್ರ.

ಗಣಕಯಂತ್ರಗಳ ಐ.ಪಿ. ವಿಳಾಸವೂ ಇದೇ ಸೂತ್ರದ ಮೇಲೆ ನಿಂತಿದೆ. ಛಂದಸ್ಸನ್ನು ಓದಿದವರಿಗೆ ಇದು ಅಪರಿಚಿತ ವಿದ್ಯೆಯೇನಲ್ಲ. ಯಂತ್ರಕ್ಕೆ ತಿಳಿಯುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಕ್ಷರ. ಛಂದಶ್ಶಾಸ್ತ್ರಕ್ಕೆ ಬೇಕಾದುದೂ ಲಘು ಮತ್ತು ಗುರು ಎಂಬ ಎರಡೇ. ಎಂಟಕ್ಷರದ ಅನುಷ್ಟುಪ್ ಪಾದವನ್ನು ಪ್ರಸ್ತಾರ ಹಾಕಿದರೆ 256 ರೂಪಗಳು ದೊರೆಯುತ್ತವೆ. ಐ.ಪಿ. ವಿಳಾಸದ ಒಂದೊಂದು ಭಾಗವೂ ಹೀಗೆಯೇ ಎಂಟು ಸ್ಥಾನಗಳದ್ದು. ಪ್ರಸ್ತಾರದ ಎಣಿಕೆ ಒಂದರಿಂದ ಹೊರಟರೆ ಇಲ್ಲಿ ಸೊನ್ನೆಯಿಂದ ಹೊರಟು 255ಕ್ಕೆ ನಿಲ್ಲುತ್ತದೆ. ಸಂಖ್ಯೆಯಿಂದ ರೂಪವನ್ನು ಪಡೆಯುವ ನಷ್ಟ, ರೂಪದಿಂದ ಸಂಖ್ಯೆಯನ್ನು ಪಡೆಯುವ ಉದ್ದಿಷ್ಟ ಎಂಬ ಪ್ರತ್ಯಯಗಳನ್ನು ಬಲ್ಲವನು ಈ ಲೆಕ್ಕವನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಇಂಥ ನಾಲ್ಕು ಪಾದಗಳು ಸೇರಿ 32 ಸ್ಥಾನಗಳಾಗುತ್ತವೆ. ಈ 32ರಲ್ಲಿ ಎಷ್ಟನೆಯ ಸ್ಥಾನದ ಬಳಿಕ ಯತಿ ಬರುತ್ತದೆಂಬುದನ್ನು ಹೇಳುವುದು ಸಬ್‌ನೆಟ್ ಮಾಸ್ಕ್. ಯತಿಗೆ ಮುಂಚಿನದು ಓಣಿಯ ಹೆಸರು. ಅನಂತರದ್ದು ಮನೆಯ ಅಂಕಿ. 24ಕ್ಕೆ ಯತಿ ಬಂದರೆ ಎಂಟು ಸ್ಥಾನ ಉಳಿದು 256 ಅಂಕಿಗಳಾಗುತ್ತವೆ. ಮೊದಲನೆಯದು ಓಣಿಗೇ ಹೆಸರಾಗಿ, ಕಡೆಯದು ಎಲ್ಲರನ್ನೂ ಒಮ್ಮೆಗೇ ಕೂಗುವುದಕ್ಕಾಗಿ ಮೀಸಲಾಗುವುದರಿಂದ ಯಂತ್ರಗಳಿಗೆ ಸಿಗುವುದು 254.

1981ರ ಸೆಪ್ಟೆಂಬರಿನಲ್ಲಿ ಈ ನಿಯಮಗಳು ಪ್ರಕಟವಾದಾಗ ಯತಿಸ್ಥಾನಗಳು ಮೂರೇ ಇದ್ದವು: 8, 16, 24. ಮೊದಲ ವರ್ಗದ ಸಂಸ್ಥೆಗೆ 1,67,77,216 ವಿಳಾಸಗಳು, ಎರಡನೆಯದಕ್ಕೆ 65,536, ಮೂರನೆಯದಕ್ಕೆ 256. ಸಾವಿರ ಯಂತ್ರಗಳುಳ್ಳ ಸಂಸ್ಥೆಗೆ ಒಂದು ಅಂಗಿ ಸಾಲದು, ಇನ್ನೊಂದು ನೆಲಕ್ಕೆ ಎಳೆದಾಡುವುದು. 1985ರಲ್ಲಿ ಸಂಸ್ಥೆಯೊಳಗೇ ವಿಳಾಸಗಳನ್ನು ಹಂಚಿಕೊಳ್ಳುವ ಉಪಜಾಲದ ಕ್ರಮವೂ, 1993ರಲ್ಲಿ ಯತಿಯನ್ನು ಬೇಕಾದಲ್ಲಿ ಇರಿಸುವ ವರ್ಗರಹಿತ ಕ್ರಮವೂ ಬಂದವು. 1996ರ ನಿಯಮವು 10ರಿಂದ ಆರಂಭವಾಗುವ ಎಲ್ಲ ವಿಳಾಸಗಳನ್ನೂ, 172.16ರಿಂದ 172.31ರವರೆಗಿನವನ್ನೂ, 192.168ರವನ್ನೂ ಖಾಸಗಿ ಬಳಕೆಗೆ ಬಿಟ್ಟಿತು. ಹೊರ ಜಗತ್ತಿಗೆ ಕಾಣಿಸದಂತೆ ಒಳಮನೆಯಲ್ಲಿ ಇವನ್ನು ಯಾರು ಬೇಕಾದರೂ ಬಳಸಬಹುದು. ಇಂದಿನ ಪ್ರಶ್ನೆ ಹುಟ್ಟುವುದೇ ಈ ಸ್ವಾತಂತ್ರ್ಯದಿಂದ.

ಬೀದರದಲ್ಲಿ ಮುಖ್ಯ ಕಚೇರಿಯುಳ್ಳ, ಭಾಲ್ಕಿ ಮತ್ತು ಔರಾದಗಳಲ್ಲಿ ಶಾಖೆಗಳುಳ್ಳ ಬೀಜ ಗೊಬ್ಬರದ ಕಂಪನಿಯೊಂದನ್ನು ವಾಚಕರು ಊಹಿಸಿಕೊಳ್ಳಬಹುದು. ಮೂರೂ ಕಡೆ ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಕೈಗಳಿಂದ ಗಣಕಯಂತ್ರಗಳು ಬಂದಿರುತ್ತವೆ. ಅಂಗಡಿಯಿಂದ ತಂದ ರೂಟರು ತಯಾರಾದಾಗಲೇ ಹೊತ್ತು ಬಂದ 192.168.1 ಎಂಬ ಮೊದಲು ಮೂರೂ ಕಡೆ ಹಾಗೆಯೇ ಉಳಿದಿರುತ್ತದೆ. ಬಿಡಿಬಿಡಿಯಾಗಿರುವವರೆಗೆ ತೊಂದರೆಯಿಲ್ಲ. ಮೂರನ್ನೂ ಜೋಡಿಸಿದ ದಿನ ಸಂಕಟ ಆರಂಭವಾಗುತ್ತದೆ. ಔರಾದದ ಗುಮಾಸ್ತನು ಬೀದರದ ಲೆಕ್ಕದ ಯಂತ್ರವಾದ 192.168.1.10ನ್ನು ಕರೆದರೆ, ಅವನ ಯಂತ್ರವು ಮೊದಲಿನ 24 ಸ್ಥಾನಗಳನ್ನು ತನ್ನದರೊಡನೆ ಹೋಲಿಸಿ, ಅದು ತನ್ನ ಓಣಿಯದೇ ಎಂದು ತೀರ್ಮಾನಿಸಿ, ಔರಾದದ ಕೋಣೆಯಲ್ಲಿಯೇ ಹುಡುಕುತ್ತದೆ. ಅಲ್ಲಿ ಆ ಅಂಕಿಯ ಮುದ್ರಣಯಂತ್ರವಿದ್ದರೆ ಅದನ್ನೇ ತಟ್ಟುತ್ತದೆ; ಏನೂ ಇಲ್ಲದಿದ್ದರೆ ಉತ್ತರವಿಲ್ಲದೆ ಕುಳಿತಿರುತ್ತದೆ. ತಂತಿ ಚೆನ್ನಾಗಿದೆ, ಯಂತ್ರ ಚೆನ್ನಾಗಿದೆ, ಹಣ ವೆಚ್ಚವಾಗಿದೆ; ಕೆಲಸ ಮಾತ್ರ ಆಗುತ್ತಿಲ್ಲ. ಬಿತ್ತನೆಯ ಹಂಗಾಮಿನಲ್ಲಿ ಸೋಯಾ ಬೀಜಕ್ಕೆಂದು ಹಳ್ಳಿಯಿಂದ ಬಂದು ಸಾಲಿನಲ್ಲಿ ನಿಂತ ರೈತನಿಗೆ ಇದಾವುದೂ ತಿಳಿಯುವುದಿಲ್ಲ. ಅವನಿಗೆ ತಿಳಿಯುವುದು ಕೊನೆಯ ಬಸ್ಸು ತಪ್ಪಿತೆಂಬುದು ಮಾತ್ರ.

ಇದಕ್ಕೆ ಪರಿಹಾರವು ಒಂದು ಹಾಳೆ, ಒಂದು ಸೀಸದ ಕಡ್ಡಿ ಮತ್ತು ಸ್ವಲ್ಪ ದೂರದೃಷ್ಟಿ. ಸೀಮೆಯ ದೂರವಾಣಿ ಸಂಕೇತದ ನೆನಪಿಗಾಗಿ ಕಂಪನಿಗೆ 10.84 ಎಂಬ ಮೊದಲನ್ನು ಕೊಟ್ಟರೆ 65,536 ವಿಳಾಸಗಳು ಕೈಗೆ ಬರುತ್ತವೆ. ಅವನ್ನು ತಲಾ 4,096ರಂತೆ ಹದಿನಾರು ಪಾಲು ಮಾಡಬೇಕು. ಆಗ ಯತಿ 20ಕ್ಕೆ ಬೀಳುತ್ತದೆ. ಮೂರನೆಯ ಪಾದದ 0ರಿಂದ 15ರವರೆಗಿನದು ಬೀದರಕ್ಕೆ, 16ರಿಂದ 31ರವರೆಗಿನದು ಭಾಲ್ಕಿಗೆ, 32ರಿಂದ 47ರವರೆಗಿನದು ಔರಾದಕ್ಕೆ. ಪ್ರತಿಯೊಂದು ಪಾಲಿನಲ್ಲಿಯೂ 256ರ ಹದಿನಾರು ಓಣಿಗಳಾಗುತ್ತವೆ: ಎರಡನೆಯ ಓಣಿ ಮೇಜಿನ ಗಣಕಯಂತ್ರಗಳಿಗೆ, ಮೂರನೆಯದು ದೂರವಾಣಿಗಳಿಗೆ, ನಾಲ್ಕನೆಯದು ಕಾವಲಿನ ಕ್ಯಾಮೆರಾಗಳಿಗೆ, ಐದನೆಯದು ಬಂದುಹೋಗುವ ಅತಿಥಿಗಳಿಗೆ. ಈ ಕ್ರಮವು ಮೂರೂ ಊರುಗಳಲ್ಲಿ ಒಂದೇ ಇರಬೇಕು. ಹಾಗಿದ್ದರೆ ಗಣಕಯಂತ್ರಗಳ ಓಣಿಯು ಬೀದರದಲ್ಲಿ 1, ಭಾಲ್ಕಿಯಲ್ಲಿ 17, ಔರಾದದಲ್ಲಿ 33 ಆಗುತ್ತದೆ. 10.84.33.25 ಎಂದು ಓದಿದೊಡನೆಯೇ ಇದು ಔರಾದದ್ದು, ಮೇಜಿನ ಯಂತ್ರ, ಅಂಕಿ 25 ಎಂದು ಬಲ್ಲವನು ಹೇಳಬಲ್ಲನು. ಅತಿಥಿಗಳ ಓಣಿಯಿಂದ ಲೆಕ್ಕದ ಓಣಿಗೆ ದಾರಿಯಿಲ್ಲವೆಂಬ ಕಟ್ಟಳೆಯನ್ನು ಒಂದೇ ಸಾಲಿನಲ್ಲಿ ಬರೆಯಲು ಬರುವುದೂ ಈ ವಿಭಾಗದಿಂದಲೇ.

ಊರಿಂದ ಊರಿಗೆ ಹೋಗುವ ಕೊಂಡಿಗೆ ಎರಡೇ ತುದಿಗಳು. ಅಲ್ಲಿ 254 ಅಂಕಿಗಳನ್ನು ಕಟ್ಟಿಹಾಕುವುದು ದುಂದುಗಾರಿಕೆ. ಯತಿಯನ್ನು 30ಕ್ಕೆ ಒಯ್ದರೆ ನಾಲ್ಕು ಅಂಕಿಗಳು ಉಳಿದು, ಎರಡು ಬಳಕೆಗೆ ಬರುತ್ತವೆ. ಹದಿನಾರನೆಯ ಪಾಲನ್ನು ಇಂಥ ಕೊಂಡಿಗಳಿಗೆಂದೇ ಇರಿಸಿದರೆ, ಬೀದರ ಭಾಲ್ಕಿಗಳ ನಡುವೆ 10.84.240.1 ಮತ್ತು 2, ಬೀದರ ಔರಾದಗಳ ನಡುವೆ 10.84.240.5 ಮತ್ತು 6. ಬೀದರದ ಹಳೆಯ ಪೇಟೆಯಲ್ಲಿ ದೊಡ್ಡ ದಾರಿಗಳು ಕೂಡುವಲ್ಲಿ ಚೌಬಾರಾ ನಿಂತಿದೆ. ಮುಖ್ಯ ಕಚೇರಿಯ ರೂಟರಿನ ಸ್ಥಾನವೂ ಅಂಥದೇ. ಅದು ಭಾಲ್ಕಿಯ ಒಂದೊಂದು ಯಂತ್ರವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ, 10.84.16.0ದಿಂದ ಮೊದಲಾಗುವ ಇಡೀ ಪಾಲು ಆ ದಾರಿಯಲ್ಲಿದೆ ಎಂಬ ಒಂದು ಸಾಲು ಸಾಕು.

ಇಷ್ಟು ಸಣ್ಣ ಶಾಖೆಗಳಿಗೆ 4,096 ಏಕೆಂದು ಮಿತವ್ಯಯಿಗಳು ಕೇಳಬಹುದು. ಉತ್ತರವನ್ನು ಜಿಲ್ಲೆಯ ಭೂಪಟವೇ ಕೊಡುತ್ತದೆ. ಬಹುಕಾಲ ಐದೇ ತಾಲ್ಲೂಕುಗಳಿದ್ದ ಬೀದರ ಜಿಲ್ಲೆಯಲ್ಲಿ 2018ರ ಹೊತ್ತಿಗೆ ಕಮಲನಗರ, ಹುಲಸೂರ, ಚಿಟಗುಪ್ಪಗಳೂ ತಾಲ್ಲೂಕುಗಳಾಗಿ ಒಟ್ಟು ಎಂಟಾದವು. ಔರಾದ ತಾಲ್ಲೂಕಿನಲ್ಲಿದ್ದ ಕಮಲನಗರಕ್ಕೆ ತನ್ನದೇ ಕಚೇರಿ ಬಂದಿತು. ಕಂಪನಿಯೂ ಹಾಗೆಯೇ ಬೆಳೆದು ಎಂಟೂ ಕಡೆ ಶಾಖೆ ತೆರೆದರೂ ಹದಿನಾರರಲ್ಲಿ ಒಂಬತ್ತು ಪಾಲು ಮಾತ್ರ ಖರ್ಚಾಗುತ್ತದೆ, ಏಳು ಉಳಿಯುತ್ತವೆ. ಇಕ್ಕಟ್ಟಾಗಿ ಹಂಚಿದ್ದರೆ ಹೊಸಬರಿಗಾಗಿ ಹಳಬರ ಅಂಕಿಗಳನ್ನೆಲ್ಲ ಬದಲಿಸಬೇಕಾಗುತ್ತಿತ್ತು. ಆ ಕಷ್ಟವನ್ನು ಉಣ್ಣುವವನು ಬೀದರದಲ್ಲಿ ಕುಳಿತು ನಕ್ಷೆ ಬರೆದವನಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ತೂಕದ ಯಂತ್ರ, ಮುದ್ರಣಯಂತ್ರ, ಕ್ಯಾಮೆರಾಗಳ ಅಂಕಿಗಳನ್ನು ಒಂದೊಂದಾಗಿ ತಿದ್ದುವ ಶಾಖೆಯ ನೌಕರ.

ಇಷ್ಟೆಲ್ಲ ಮಾಡಿಯೂ ದಫ್ತರವನ್ನು ಇಡದಿದ್ದರೆ ಫಲವಿಲ್ಲ. ಯಾವ ಅಂಕಿ ಯಾರಿಗೆ, ಯಾವ ದಿನ ಕೊಟ್ಟದ್ದು, ಯಾವುದು ತಾನಾಗಿ ಹಂಚಿಹೋಗುವುದು, ಯಾವುದು ಸ್ಥಿರ ಎಂಬುದೆಲ್ಲ ಬರಹದಲ್ಲಿರಬೇಕು. ಒಬ್ಬನ ತಲೆಯಲ್ಲಿ ಮಾತ್ರ ಇರುವ ವ್ಯವಸ್ಥೆ ಅವನು ಕೆಲಸ ಬಿಟ್ಟ ದಿನವೇ ಅವ್ಯವಸ್ಥೆಯಾಗುತ್ತದೆ.

ಜಗತ್ತಿನ ಮಟ್ಟದಲ್ಲಿ ಈ ಪಾಠಕ್ಕೆ ಬೆಲೆ ತೆತ್ತಾಗಿದೆ. 32 ಸ್ಥಾನಗಳಿಂದ ದೊರೆಯುವ 4,29,49,67,296 ವಿಳಾಸಗಳು ಎಂದೆಂದಿಗೂ ಸಾಲುತ್ತವೆಂದು ಆರಂಭದಲ್ಲಿ ತೋರಿತ್ತು. 2011ರ ಫೆಬ್ರವರಿ 3ರಂದು ಕೇಂದ್ರ ಭಂಡಾರದ ಕೊನೆಯ ಪಾಲುಗಳೂ ಹಂಚಿಹೋದವು. ಮುಂದಿನ ಪೀಳಿಗೆಗಾಗಿ 128 ಸ್ಥಾನಗಳ ಐ.ಪಿ. ಆರನೆಯ ಆವೃತ್ತಿಯು ರೂಪುಗೊಂಡು ಬಳಕೆಗೆ ಬಂದಿದೆ. ಅಲ್ಲಿ ಸ್ಥಳಕ್ಕೆ ಕೊರತೆಯಿಲ್ಲ. ಆದರೆ ಕ್ರಮದ ಅವಶ್ಯಕತೆ ಅಲ್ಲಿಯೂ ತಪ್ಪಿದ್ದಲ್ಲ. ವಿಶಾಲವಾದ ಹೊಲಕ್ಕೂ ಬದು ಬೇಕು.

ವಿಳಾಸವನ್ನು ಹಂಚುವವನು ದೊಡ್ಡ ಕಚೇರಿಯಲ್ಲಿ ಕುಳಿತಿರುತ್ತಾನೆ; ಅದರ ಸುಖದುಃಖಗಳನ್ನು ಅನುಭವಿಸುವವರು ದೂರದ ಶಾಖೆಯಲ್ಲಿರುತ್ತಾರೆ. ಆದುದರಿಂದ ನಕ್ಷೆಯನ್ನು ಬೀದರದಿಂದ ಔರಾದದ ಕಡೆಗೆ ಬರೆದರೂ ಓದುವಾಗ ಔರಾದದಿಂದ ಬೀದರದ ಕಡೆಗೆ ಓದಿ ನೋಡಬೇಕು. ಕಡೆಯ ಊರಿನ ಕಡೆಯ ಮೇಜಿನಿಂದ ಹೊರಟ ಒಂದು ಮಾತು ತಡೆಯಿಲ್ಲದೆ ಮುಟ್ಟಿ, ಉತ್ತರವನ್ನು ಹೊತ್ತು ಹಿಂದಿರುಗಿದರೆ ಆ ವಿಭಾಗವು ಸರಿಯಾಗಿದೆಯೆಂದು ತಿಳಿಯತಕ್ಕದ್ದು.