ಎಫ್‌ಸಿ ಮುಗಿಯುವ ವಾರ

ವರ್ಷದಲ್ಲಿ ಒಂದು ವಾರ ನಮ್ಮ ಭಾವನ ಪಿಕಪ್ ಮೆತ್ತಗೆ ಮಾತಾಡುತ್ತದೆ. ಉಳಿದ ಐವತ್ತೊಂದು ವಾರ ಅದರ ಹಾರ್ನು ಭದ್ರಾವತಿಯ ಜನ್ನಾಪುರದ ತಿರುವಿನಲ್ಲಿ ಕೂಗಿತೆಂದರೆ ನಮ್ಮ ಅಡುಗೆಮನೆಯ ಲೋಟಗಳು ಅಲುಗುತ್ತವೆ. ಆ ವಾರ ಮಾತ್ರ ‘ಪೀಂ’ ಎಂದು ಸಣ್ಣಗೆ, ಕೆಲಸಕ್ಕೆ ಸೇರಿದ ಮೊದಲ ದಿನದ ಗುಮಾಸ್ತನ ಹಾಗೆ. ಆ ಸದ್ದು ಕೇಳಿದರೆ ನನ್ನ ಹೆಂಡತಿ ಒಲೆಯ ಮುಂದಿನಿಂದಲೇ ಹೇಳುತ್ತಾಳೆ: “ನಿಮ್ಮ ಭಾವಂದು ಎಫ್‌ಸಿ ಬಂತು ಅಂತ ಕಾಣುತ್ತೆ.”

ಸರ್ಕಾರಿ ಕಾಗದದಲ್ಲಿ ಅದಕ್ಕೆ ಅರ್ಹತಾ ಪತ್ರ ಎಂಬ ಹೆಸರಿದೆ. ಆದರೆ ಅರ್ಹತಾ ಪತ್ರ ಮಾಡಿಸಿದೆ ಎಂದು ಹೇಳಿದ ಡ್ರೈವರನ್ನು ನಾನಿನ್ನೂ ಕಂಡಿಲ್ಲ. ಎಫ್‌ಸಿ ಕನ್ನಡವೇ ಆಗಿಹೋಗಿದೆ. ಗಾಡಿ ಎಫ್‌ಸಿಗೆ ಬಿಟ್ಟಿದೆ, ಎಫ್‌ಸಿ ಮುಗಿದಿದೆ, ಎಫ್‌ಸಿ ಕೆಲಸ ನಡೀತಿದೆ. ಮಣಿಪಾಲಕ್ಕೆ ಹೋಗಿ ರಕ್ತ, ಇಸಿಜಿ ಎಲ್ಲ ನೋಡಿಸಿಕೊಂಡು ಬಂದ ನಮ್ಮ ಬೀದಿಯ ನಿವೃತ್ತ ಕಾರ್ಮಿಕರೊಬ್ಬರು, “ನಂದೂ ಎಫ್‌ಸಿ ಆಯ್ತು ಮೇಷ್ಟ್ರೇ, ಇನ್ನೊಂದು ವರ್ಷ ಓಡಬಹುದಂತೆ” ಎಂದಿದ್ದರು.

ಹೊಸ ಸಾರಿಗೆ ಗಾಡಿಗೆ ಮೊದಲ ಎಫ್‌ಸಿ ಎರಡು ವರ್ಷಕ್ಕೆ. ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ ನವೀಕರಣ, ಅಲ್ಲಿಂದ ಮುಂದೆ ಪ್ರತಿ ವರ್ಷ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮು ಇನ್ನೂ ಖಾರವಾಗಿದೆ: ಎಫ್‌ಸಿ ಇಲ್ಲದ ಸಾರಿಗೆ ವಾಹನವನ್ನು ನೋಂದಣಿಯಾದ ವಾಹನವೆಂದೇ ಎಣಿಸುವಂತಿಲ್ಲ. ಮುಂದೆ ಹಿಂದೆ ಕೆಎ 14 ಎಂದು ಬರೆದುಕೊಂಡು ಓಡಾಡುತ್ತಿದ್ದರೂ ಕಾನೂನಿನ ಕಣ್ಣಿಗೆ ಅದು ಹೆಸರಿಲ್ಲದ ಗಾಡಿ. ಹೆಸರಿಲ್ಲದ ಗಾಡಿ ಯಾರಿಗಾದರೂ ತಗುಲಿದರೆ ವಿಮೆಯವರು ಮೊದಲು ಕೇಳುವ ಕಾಗದವೇ ಎಫ್‌ಸಿ.

ಭಾವ ಪೇಪರ್ ಮಿಲ್‌ನಲ್ಲಿದ್ದವರು. 1936ರಲ್ಲಿ ಹುಟ್ಟಿದ ಎಂಪಿಎಂ ನಮ್ಮ ಕಣ್ಣೆದುರೇ ನಿಂತುಹೋದಾಗ ಕೈಗೆ ಬಂದ ದುಡ್ಡಿನಲ್ಲಿ ಬೊಲೆರೊ ಪಿಕಪ್ ತಗೊಂಡರು, ಅದೂ ಸೆಕೆಂಡ್‌ಹ್ಯಾಂಡ್. ಅಡಿಕೆ ಕಾಲದಲ್ಲಿ ಶಿವಮೊಗ್ಗದ ಎಪಿಎಂಸಿಗೆ ಮೂಟೆ, ಮದುವೆ ಕಾಲದಲ್ಲಿ ಶಾಮಿಯಾನ ಕುರ್ಚಿ, ಏನೂ ಇಲ್ಲದ ದಿನ ಇಟ್ಟಿಗೆ ಮರಳು. ಗಾಡಿಗೆ ಎಂಟು ವರ್ಷ ದಾಟಿ ಬಹಳ ದಿನವಾಯಿತು. ಹಾಗಾಗಿ ಯುಗಾದಿ, ಗೌರಿ ಹಬ್ಬ, ದೀಪಾವಳಿ ಇದ್ದ ಹಾಗೆ ಅವರ ಮನೆಗೆ ವರ್ಷಕ್ಕೊಂದು ಎಫ್‌ಸಿ. ಅದಕ್ಕೆ ಮಾತ್ರ ಬೋನಸ್ ಇಲ್ಲ.

ತಯಾರಿ ಹತ್ತು ದಿನ ಮೊದಲೇ ಶುರು. ಗಾಡಿ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೋಗುತ್ತದೆ. ಭದ್ರಾವತಿಯಲ್ಲಿ ಮೆಕ್ಯಾನಿಕ್ ಇಲ್ಲವೆಂದಲ್ಲ. ಆದರೆ ಟಿಂಕರಿಂಗ್, ಪೇಂಟು, ಎಲೆಕ್ಟ್ರಿಕಲ್, ಪಟ್ಟಾ ಕೆಲಸ, ರೇಡಿಯಂ ಎಲ್ಲ ಕೂಗಳತೆಯಲ್ಲಿ ಸಿಗುವುದು ಅಲ್ಲಿ. ಕತ್ತಲಲ್ಲಿ ಹೊಳೆಯುವ ಪಟ್ಟಿಗೆ ರೇಡಿಯಂ ಅನ್ನುತ್ತಾರೆ. ಮೇಡಂ ಕ್ಯೂರಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಅಷ್ಟು ದೊಡ್ಡ ಹೆಸರು ನಮ್ಮ ಸಾಗರ ರಸ್ತೆಯ ಬೋರ್ಡುಗಳಲ್ಲಿ ಉಳಿದುಕೊಂಡಿರುವುದು ನನಗೆ ಖುಷಿ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಈ ಪಾಠ ಭಾವನಿಗೆ ಬಾಯಿಪಾಠ.

ಅಲ್ಲಿ ಒಬ್ಬ ಮೆಕ್ಯಾನಿಕ್ ಭಾಯ್ ಇದ್ದಾರೆ. ಅವರು ಗಾಡಿಯ ಸುತ್ತ ಒಂದು ಸುತ್ತು ಬರುತ್ತಾರೆ, ಮುಂದಿನ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾರೆ, ಸ್ಟೇರಿಂಗ್ ಎಷ್ಟು ತಿರುಗಿದ ಮೇಲೆ ಚಕ್ರ ತಿರುಗುತ್ತದೆ ನೋಡುತ್ತಾರೆ. ಆಮೇಲೆ ಚಾ ಕುಡಿದು, “ಇದು ಎಫ್‌ಸಿಗೆ ಪಾಸಾಗುತ್ತೆ ಅಣ್ಣ, ನಂಗೆ ಪಾಸಾಗಲ್ಲ” ಅನ್ನುತ್ತಾರೆ. ಪ್ರತಿ ವರ್ಷ ಇದೇ ಮಾತು. ಪ್ರತಿ ವರ್ಷ ಭಾವ ಸ್ವಲ್ಪ ಹೊತ್ತು ಜಗಳವಾಡಿ, ಕೊನೆಗೆ ಬ್ರೇಕ್ ಲೈನಿಂಗ್ ಹಾಕಿಸುತ್ತಾರೆ. ಆ ಗಾಡಿ ಇಷ್ಟು ವರ್ಷ ಯಾರಿಗೂ ಏನೂ ಮಾಡದೆ ಓಡಿದ್ದರೆ ಅದರ ಪುಣ್ಯ ಯಾವ ಸೀಲಿಗೂ ಅಲ್ಲ, ಈ ಎರಡು ಕಪ್ ಚಹದ ಜಗಳಕ್ಕೆ ಸೇರಬೇಕು ಎಂದು ನನ್ನ ಲೆಕ್ಕ.

ಎಲ್ಲರೂ ಹಾಗಲ್ಲ. ಎಫ್‌ಸಿ ದಿನಕ್ಕೆಂದೇ ಒಳ್ಳೆಯ ಟಯರು ಹಾಕಿಕೊಂಡು ಹೋಗಿ, ಸಂಜೆ ಬಿಚ್ಚಿ ಕೊಡುವವರಿದ್ದಾರೆ. ಪಕ್ಕದ ಗಾಡಿಯ ಸ್ಟೆಪ್ನಿ, ಎದುರಿನ ಗಾಡಿಯ ಫಸ್ಟ್ ಏಡ್ ಡಬ್ಬ, ಯಾರದೋ ವೈಪರ್ ಬ್ಲೇಡು. ಮೈಯೆಲ್ಲ ಎರವಲು. ವೈಪರಿನ ವಿಷಯಕ್ಕೆ ನಗಬೇಡಿ. ಒಂದು ಜುಲೈಯಲ್ಲಿ ತೀರ್ಥಹಳ್ಳಿಯಿಂದ ಬರುವಾಗ ಮಂಡಗದ್ದೆ ಹತ್ತಿರ ಭಾವನ ಗಾಡಿಯ ವೈಪರ್ ನಿಂತಿತು. ಹೊರಗೆ ಮಳೆ ಬೀಳುತ್ತಿರಲಿಲ್ಲ, ಸುರಿಯುತ್ತಿತ್ತು. ಭಾವ ಇಳಿದು ಬೀಡಿ ಒಡೆದು ಹೊಗೆಸೊಪ್ಪನ್ನು ಗಾಜಿನ ಮೇಲೆ ಉಜ್ಜಿದರು. ಹಳೆಯ ಡ್ರೈವರುಗಳ ಉಪಾಯ, ನೀರು ಹನಿಗಟ್ಟದೆ ಜಾರುತ್ತದೆ. ಗಾಜನೂರು ಬರುವತನಕ ಹತ್ತು ಬೀಡಿ ಖರ್ಚಾಯಿತು. ಆ ವರ್ಷ ವೈಪರ್ ಮೋಟಾರು ಹೊಸದು.

ಈ ಎಲ್ಲದರಲ್ಲಿ ನನಗೆ ತುಂಬ ಹಿಡಿಸುವ ಕೆಲಸ ಚಾಸಿ ನಂಬರಿನ ಪ್ರಿಂಟ್ ತೆಗೆಯುವುದು. ಭಾವ ಲುಂಗಿ ಎತ್ತಿ ಕಟ್ಟಿ, ಗೋಣಿಚೀಲ ಹಾಸಿ ಗಾಡಿಯ ಕೆಳಗೆ ತಲೆ ತೂರಿಸುತ್ತಾರೆ. ಕಬ್ಬಿಣದ ಫ್ರೇಮಿನ ಮೇಲೆ ಹದಿನೇಳು ಅಕ್ಷರ, ಅಂಕಿಗಳ ಒಂದು ಸಾಲು ಕೊರೆದಿರುತ್ತದೆ. ವರ್ಷವಿಡೀ ಅದರ ಮೇಲೆ ಮಲೆನಾಡಿನ ಕೆಂಪು ಮಣ್ಣು ಕೂತಿರುತ್ತದೆ. ಡೀಸೆಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಎಮರಿ ಕಾಗದದಲ್ಲಿ ತಿಕ್ಕಿ, ಒಣಗಿಸಿ, ಮೇಲೆ ತೆಳು ಕಾಗದ ಒತ್ತಿಹಿಡಿದು ಪೆನ್ಸಿಲನ್ನು ಮಲಗಿಸಿ ಉಜ್ಜಬೇಕು. ಚಿಕ್ಕಂದಿನಲ್ಲಿ ಎಂಟಾಣೆ ಮೇಲೆ ಕಾಗದ ಇಟ್ಟು ಸಿಂಹ ತೆಗೆಯುತ್ತಿದ್ದೆವಲ್ಲ, ಅದೇ ವಿದ್ಯೆ. ಬೂದು ಬಣ್ಣದೊಳಗಿಂದ ಮೊದಲು ‘ಎಂ’ ಏಳುತ್ತದೆ, ಆಮೇಲೆ ‘ಎ’, ಆಮೇಲೆ ‘1’. ಪೆನ್ಸಿಲ್ ಒದಗಿಸುವುದು, ಮೇಲೆ ಕೂತು ಆರ್‌ಸಿ ಕಾರ್ಡಿನ ಜತೆ ತಾಳೆ ನೋಡುವುದು ನನ್ನ ಪಾಲಿನ ಕೆಲಸ. ಹೋದ ಸಲ ಹದಿನಾಲ್ಕನೆಯ ಅಂಕಿ ಮೂರೋ ಎಂಟೋ ಎಂದು ಇಬ್ಬರಿಗೂ ವಾದವಾಯಿತು. “ನೀನು ಮಕ್ಕಳ ಪೇಪರ್ ತಿದ್ದಿದ್ದು ಹೀಗೇ ಏನಾ ಮಾರಾಯ?” ಎಂದು ಗಾಡಿಯ ಅಡಿಯಿಂದ ಬೈಗುಳ ಬಂತು. ಎಂಟೇ ಆಗಿತ್ತು.

ಇಷ್ಟೆಲ್ಲ ಆದಮೇಲೆ ಹೊರಡುವುದು. ಭದ್ರಾವತಿಯಲ್ಲಿ ಆರ್‌ಟಿಓ ಆಫೀಸಿಲ್ಲ. ಇದು ನಮ್ಮ ಊರಿನವರ ಹಳೆಯ ಹೊಟ್ಟೆಕಿಚ್ಚಿನ ಸಂಗತಿ. 1923ರಿಂದ ಕಬ್ಬಿಣ ಕಾಯಿಸಿದ ಊರು ನಮ್ಮದು. ವಿಶ್ವೇಶ್ವರಯ್ಯನವರ ಹೆಸರಿನ ಕಾರ್ಖಾನೆ ಗಾಡಿ ಮಾಡುವವರಿಗೂ ರೈಲ್ವೆಯವರಿಗೂ ಬೇಕಾದ ವಿಶೇಷ ಉಕ್ಕನ್ನು ಕೊಟ್ಟಿದೆ. ಉತ್ತರಕ್ಕೆ ಹೋದರೆ ಶಿವಮೊಗ್ಗಕ್ಕೆ 14, ಅದರಾಚೆ ಸಾಗರಕ್ಕೆ 15. ದಕ್ಷಿಣಕ್ಕೆ ಹೋದರೆ ನಮ್ಮ ಅರ್ಧದಷ್ಟೂ ಇಲ್ಲದ ತರೀಕೆರೆಗೆ 66. ನಡುವೆ ನಾವು, ನಂಬರಿಲ್ಲದವರು. ಭಾವ ಇದನ್ನು ಹೇಳುವಾಗ ಧ್ವನಿ ಏರುತ್ತದೆ. ಹೋಗುವ ದಾರಿಯೇನೂ ದೂರದ್ದಲ್ಲ. ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರ್, ಎರಡೂ ಊರಿನಲ್ಲಿ ಅದೇ ಬಿ.ಎಚ್. ರಸ್ತೆ, ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ದಾರಿ, ಇಲ್ಲಿ ಹಳೆಯ ಹೆದ್ದಾರಿ 206. ಕಡದಕಟ್ಟೆ, ಮಾಚೇನಹಳ್ಳಿ, ಮಲವಗೊಪ್ಪ, ಮುಗಿಯಿತು. ಆದರೆ ಬಾಡಿಗೆ ಗಾಡಿಗೆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಬಿಟ್ಟುಹೋದ ಲೋಡಿನಲ್ಲಿ ಅಳೆಯುತ್ತಾರೆ. ಪರೀಕ್ಷೆ ಕಾಲುಗಂಟೆ, ದಿನ ಪೂರ್ತಿ ಖರ್ಚು. ಒಂದು ಬಲ್ಬು ಹತ್ತದಿದ್ದರೆ ಇನ್ನೊಂದು ದಿನ.

ಅವರ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಇದಕ್ಕೆ ಎಂಓಟಿ ಅನ್ನುತ್ತಾರೆ, 1960ರಲ್ಲಿ ಹತ್ತು ವರ್ಷ ಮೀರಿದ ಗಾಡಿಗಳಿಗೆಂದು ಶುರುವಾದದ್ದು, ಈಗ ಮೂರು ವರ್ಷ ತುಂಬಿದ ಸ್ವಂತ ಕಾರಿಗೂ ವರ್ಷಕ್ಕೊಮ್ಮೆ ಬೇಕು. ಪರೀಕ್ಷೆ ಮಾಡುವುದು ಸರ್ಕಾರದ ಅನುಮತಿ ಪಡೆದ ಬೀದಿಬದಿಯ ಗ್ಯಾರೇಜುಗಳೇ. “ಅಪ್ಪಾ, ನಮ್ಮನೆ ಮೂಲೆಯಲ್ಲೇ ಮಾಡಿಸಿಬಿಟ್ಟೆ, ಕಾಫಿ ಕುಡಿಯೋದ್ರೊಳಗೆ ಆಯ್ತು” ಎಂದು ಹುಡುಗ ಫೋನಿನಲ್ಲಿ ಹೇಳಿದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನಗೆ ಹೇಳಿದರು: “ನಮ್ಮ ಭಾಯ್ ಕೈಗೆ ಸೀಲು ಕೊಟ್ಟರೆ ಮೊದಲು ಫೇಲಾಗೋದು ನನ್ನ ಗಾಡೀನೇ.”

ಹಳಬರು ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರು ಈ ಸಲ ಮೊಬೈಲ್ ಹಿಡಿದು ಗಾಡಿಯ ನಾಲ್ಕೂ ಕಡೆ ಫೋಟೋ ತೆಗೆದರು. ಹೆಡ್‌ಲೈಟ್ ಹಾಕಿ, ಡಿಮ್ ಮಾಡಿ, ಇಂಡಿಕೇಟರ್, ಹಾರ್ನ್. ‘ಪೀಂ.’ ಸಾಹೇಬರು ಭಾವನ ಮುಖವನ್ನೂ ಹಾರ್ನಿನ ಜಾಗವನ್ನೂ ಒಮ್ಮೆ ನೋಡಿದರು. ಮೂವತ್ತು ವರ್ಷ ಮಕ್ಕಳ ಚೀಟಿ ಹಿಡಿದ ನನಗೆ ಆ ನೋಟದ ಅರ್ಥ ಗೊತ್ತು. ಆಮೇಲೆ, “ಸ್ವಲ್ಪ ಮುಂದೆ ಓಡಿಸಿ ಬ್ರೇಕ್ ಹೊಡೀರಿ” ಎಂದರು. ಗಾಡಿ ಗಕ್ಕನೆ ನಿಂತಿತು, ಎಡಬಲ ಎಳೆಯಲಿಲ್ಲ. ಹಿಂದಿನ ಪಾರ್ಕಿಂಗ್ ಲೈಟೊಂದು ಮಾತ್ರ ಕೈಕೊಟ್ಟಿತು. ಬೆಳಿಗ್ಗೆ ಹತ್ತಿದ್ದು! ಹೊರಗೆ ಚೀಲ ಹೊತ್ತು ನಿಂತಿದ್ದ ಎಲೆಕ್ಟ್ರಿಷಿಯನ್ ಹುಡುಗ ಬಂದು ಹೋಲ್ಡರಿನ ತುಕ್ಕು ಕೆರೆದು ಐದು ನಿಮಿಷದಲ್ಲಿ ಹತ್ತಿಸಿದ. ಪಾಸು.

ಇದೆಲ್ಲ ಯಂತ್ರದ ಕೈಗೆ ಹೋಗುವ ಕಾಲ ಬಂದಿದೆ. ರೋಲರ್ ಮೇಲೆ ಗಾಡಿ ನಿಲ್ಲಿಸಿ ಬ್ರೇಕಿನ ಬಲ ಅಳೆಯುವ ಸ್ವಯಂಚಾಲಿತ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು. ಭಾರಿ ಗಾಡಿಗಳಿಗೆ 2023ರ ಏಪ್ರಿಲ್‌ನಿಂದ ಕಡ್ಡಾಯ ಅಂದರು, ಆಮೇಲೆ ಅದನ್ನು 2024ರ ಅಕ್ಟೋಬರಿಗೆ ತಳ್ಳಿದರು. ಬರಲಿ, ಯಂತ್ರಕ್ಕೆ ಮುಖದಾಕ್ಷಿಣ್ಯವಿಲ್ಲ. ಆದರೆ ಈ ಟಯರು ಸಂಜೆ ಇನ್ನೊಬ್ಬರ ಗಾಡಿಗೆ ಹೋಗುತ್ತದೆ ಎಂಬುದು ಯಂತ್ರಕ್ಕೂ ತಿಳಿಯುವುದಿಲ್ಲ.

ಭಾವನಿಗೆ ತಾರೀಕಿನ ಮೇಲೆ ಇಷ್ಟು ಭಕ್ತಿ ಬಂದದ್ದು ಪೆಟ್ಟು ತಿಂದ ಮೇಲೆ. ಕೊರೊನಾ ಕಾಲದಲ್ಲಿ ಎಲ್ಲರ ಅಭ್ಯಾಸ ಕೆಟ್ಟಿತ್ತು: 2020ರ ಫೆಬ್ರವರಿಯಿಂದೀಚೆಗೆ ಅವಧಿ ಮುಗಿದ ಕಾಗದಗಳಿಗೆಲ್ಲ ಸರ್ಕಾರ ಮೇಲಿಂದ ಮೇಲೆ ಗಡುವು ಕೊಟ್ಟು 2021ರ ಅಕ್ಟೋಬರ್ 31ರ ತನಕ ಎಳೆಯಿತು. ಆಮೇಲೂ ಒಂದು ಗಡುವು ಬಂದೇ ಬರುತ್ತದೆ ಎಂದು ಭಾವ ಕಾಯುತ್ತಿದ್ದರು. ಬರಲಿಲ್ಲ. ಕಾಗದ ಒಪ್ಪಿಸಿದ್ದ ಏಜೆಂಟನೂ ನೆನಪಿಸಲಿಲ್ಲ. ನೋಡಿಕೊಂಡಾಗ ಮೂವತ್ತೇಳು ದಿನ ದಾಟಿತ್ತು. ದಿನಕ್ಕೆ 50 ರೂಪಾಯಿಯಂತೆ 1,850. ದುಡ್ಡಿಗಿಂತ ಅವರನ್ನು ಕುಟುಕಿದ್ದು ಬೇರೆ. ಆ ಮೂವತ್ತೇಳು ದಿನವೂ ಅವರು ಲೋಡು ಹೊಡೆದಿದ್ದರು, ಶಿವಮೊಗ್ಗದ ಅಮೀರ್ ಅಹಮದ್ ವೃತ್ತದಲ್ಲಿ ಪೊಲೀಸರಿಗೆ ಕೈ ಎತ್ತಿ ನಮಸ್ಕಾರವನ್ನೂ ಹೊಡೆದಿದ್ದರು. “ಯಾರಾದರೂ ಅಡ್ಡ ಬಂದಿದ್ದರೆ ಮನೆ ಮಾರಬೇಕಿತ್ತು ಮಾರಾಯ” ಎಂದು ಈಗಲೂ ಹೇಳುತ್ತಾರೆ. ಅಂದಿನಿಂದ ತಾರೀಕು ಕ್ಯಾಲೆಂಡರಿನಲ್ಲಿ, ಡ್ಯಾಶ್‌ಬೋರ್ಡಿನ ಗಣಪತಿಯ ಕೆಳಗೆ, ಅಕ್ಕನ ಮೊಬೈಲಿನಲ್ಲಿ, ಮೂರು ಕಡೆ. ಗಾಡಿಗೆ ಹದಿನೈದು ತುಂಬಿದ ಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಚಿಂತೆ ಬೇರೆ. 2022ರ ಏಪ್ರಿಲ್‌ನಲ್ಲಿ ಹದಿನೈದು ದಾಟಿದ ಲಘು ಸಾರಿಗೆ ಗಾಡಿಗೆ ಎಫ್‌ಸಿ ಶುಲ್ಕವನ್ನು 7,500 ರೂಪಾಯಿಗೆ, ಭಾರಿ ಗಾಡಿಗೆ 12,500ಕ್ಕೆ ಏರಿಸಿದಾಗಲೇ ಅವರು ಬೆರಳು ಮಡಚಿ ಎಣಿಸಲು ಶುರುಮಾಡಿದ್ದರು.

ಈ ಸಲ ಮುಗಿಸಿಕೊಂಡು ಬರುವಾಗ ಬಿ.ಎಚ್. ರಸ್ತೆಯ ಹೋಟೆಲಿನಲ್ಲಿ ದೋಸೆ ತಿನ್ನುತ್ತ ನಾನು, ಹಾರ್ನನ್ನಾದರೂ ಹಾಗೇ ಬಿಡಿ ಭಾವ ಎಂದೆ. ಅವರು ಉತ್ತರ ಕೊಡದೆ ಕೇಳಿದರು: “ಮೇಷ್ಟ್ರೇ, ನಿನ್ನ ಸ್ಕೂಟರ್ ಯಾವ ವರ್ಷದ್ದು?”

ಸ್ವಂತ ಗಾಡಿಗೆ ಎಫ್‌ಸಿಯ ಗೊಡವೆಯಿಲ್ಲ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಮನೆಗೆ ಬಂದು ಆರ್‌ಸಿ ತೆಗೆದು ನೋಡಿದರೆ ಹದಿನೈದು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಮರುದಿನ ಬೆಳಿಗ್ಗೆ ಗೋಣಿಚೀಲದ ಮೇಲೆ ಮಲಗಿದವನು ನಾನು. ಭಾವ ಕುರ್ಚಿ ಹಾಕಿಕೊಂಡು ಪೆನ್ಸಿಲ್ ಕೊಟ್ಟರು.

ನಿಮ್ಮ ಮನೆಯಲ್ಲೂ ಹಳೆಯ ಬೈಕೋ ಸ್ಕೂಟರೋ ಇದ್ದರೆ ಇವತ್ತೇ ಆರ್‌ಸಿ ತೆಗೆದು ತಾರೀಕು ನೋಡಿಬಿಡಿ. ನೋಂದಣಿ ನವೀಕರಣ ತಡವಾದರೆ ದ್ವಿಚಕ್ರಕ್ಕೆ ತಿಂಗಳಿಗೆ 300 ರೂಪಾಯಿ, ಕಾರಿಗೆ 500. ನಾನು ಕಟ್ಟಿ ಬಂದಿದ್ದೇನೆ.