ಮಂಗ ಸತ್ತ ಸುದ್ದಿ

ಜನವರಿ ತಿಂಗಳ ಬೆಳಿಗ್ಗೆ. ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಕಡೆಯ ಒಂದು ಊರು. ಅಡಿಕೆ ಮರದ ಸೋಗೆಯಿಂದ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿದೆ. ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆಯ ಹಿಂದೆ ನೀವು ಕಾಲುದಾರಿ ಇಳಿಯುತ್ತಿದ್ದೀರಿ. ಅವರ ಹೆಗಲ ಚೀಲದಲ್ಲಿ ಉಣುಗು ದೂರವಿಡುವ ಡೆಪಾ ಎಣ್ಣೆಯ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿವೆ.

ಕೊಟ್ಟಿಗೆಯ ಮುಂದೆ ಹೆಂಗಸೊಬ್ಬರು ದರಕು, ಅಂದರೆ ತರಗೆಲೆ, ತರಲು ಬುಟ್ಟಿ ಹಿಡಿದು ಹೊರಟು ನಿಂತಿದ್ದಾರೆ.

"ಅಕ್ಕಾ, ಎಣ್ಣೆ ಹಚ್ಕಂಡ್ರಾ?"

"ಮೈಯೆಲ್ಲ ಅಂಟಂಟು ಆಗ್ತದೆ ಮಾರಾಯ್ತಿ. ಬಂದ ಮೇಲೆ ಹಚ್ಕಳ್ತೆ ಬಿಡು."

"ಬಂದ ಮೇಲೆ ಬಿಸಿನೀರು, ಸೋಪು. ಎಣ್ಣೆ ಈಗ. ಉಣುಗು ಕಚ್ಚೂದು ಬೆಟ್ಟದಲ್ಲಿ, ಬಚ್ಚಲಲ್ಲಿ ಅಲ್ಲ."

ಅಕ್ಕ ಮೂಗು ಮುರಿಯುತ್ತಲೇ ಕೈ ಒಡ್ಡುತ್ತಾರೆ. ಮೊಣಕಾಲಿನವರೆಗೆ, ಮೊಣಕೈವರೆಗೆ, ಕುತ್ತಿಗೆಗೆ. ಹಚ್ಚಿ ಮುಗಿಯುವವರೆಗೂ ಆಶಾ ಕದಲುವುದಿಲ್ಲ. ಬಾಟಲಿ ಹಂಚಿ ಸಹಿ ಹಾಕಿಸಿಕೊಳ್ಳುವುದು ಸುಲಭ. ಹಚ್ಚಿಸುವುದೇ ಕೆಲಸ.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಳ್ಳುತ್ತದೆ. ಆ ತುದಿಯಲ್ಲಿ ಸೊಪ್ಪಿನಬೆಟ್ಟಕ್ಕೆ ಹೋದ ಹುಡುಗ, ಏದುಸಿರು. ಹಲಸಿನ ಮರದ ಬುಡದಲ್ಲಿ ಮುಸಿಯ ಮಂಗವೊಂದು ಸತ್ತು ಬಿದ್ದಿದೆಯಂತೆ.

"ಮುಟ್ಬೇಡ. ಹತ್ರ ಹೋಗ್ಬೇಡ. ಯಾರನ್ನೂ ಬಿಡಬೇಡ."

ನೀವೂ ಹತ್ತುತ್ತೀರಿ. ತರಗೆಲೆ ಕಾಲಡಿ ಚರಚರ ಎನ್ನುತ್ತದೆ. ಈಗ ಪ್ರತಿ ಹೆಜ್ಜೆಯೂ ಅನುಮಾನ. ಪ್ರಾಣಿ ಸತ್ತು ಮೈ ತಣ್ಣಗಾದೊಡನೆ ಅದರ ರಕ್ತ ಹೀರುತ್ತಿದ್ದ ಉಣುಗುಗಳು ಇಳಿದು ಇದೇ ಎಲೆಗಳ ನಡುವೆ ಸೇರಿಕೊಳ್ಳುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಗುಂಡುಸೂಜಿಯ ತಲೆಯಷ್ಟು ಚಿಕ್ಕ ಮರಿ ಉಣುಗು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ವಾರದೊಳಗೆ ಒಮ್ಮೆಲೇ ಜ್ವರ, ತಲೆ ಸಿಡಿತ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ ಈ ಮಂಗನ ಕಾಯಿಲೆ. ಪಾಪದ ಮಂಗ ಹೆಸರು ಹೊತ್ತಿದೆ, ಅಷ್ಟೆ. ಅದೂ ನಮ್ಮಂತೆ ಕಚ್ಚಿಸಿಕೊಂಡೇ ಸಾಯುವುದು.

ಹುಡುಗ ದೂರದಲ್ಲೇ ಕಾವಲು ನಿಂತಿದ್ದಾನೆ. ಅರಣ್ಯ ಇಲಾಖೆಯವರು, ಪಶುವೈದ್ಯರು, ಪ್ರಾಥಮಿಕ ಆರೋಗ್ಯ ಕೇಂದ್ರದವರು ಬರುವ ಹೊತ್ತಿಗೆ ಬಿಸಿಲು ಏರಿದೆ. ರಕ್ಷಾಕವಚ ತೊಟ್ಟು ಮರಣೋತ್ತರ ಪರೀಕ್ಷೆ, ಶಿವಮೊಗ್ಗದ ಪ್ರಯೋಗಾಲಯಕ್ಕೆ ಮಾದರಿ, ಅಲ್ಲೇ ಸೌದೆ ಒಟ್ಟಿ ದಹನ, ಸುತ್ತಲೂ ಮೆಲಾಥಿಯಾನ್ ಪುಡಿ. ಹೊಗೆ ಕಣ್ಣಿಗೆ ಚುಚ್ಚುತ್ತದೆ.

1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿಯೂ ಮಂಗಗಳು ಹೀಗೇ ಉದುರಿದ್ದವು. ಅದರ ಬೆನ್ನಿಗೇ ಪತ್ತೆಯಾದ ವೈರಸ್ಸಿಗೆ ಆ ಕಾಡಿನದೇ ಹೆಸರು ಬಂತು. ಈ ಕಡೆಯವರ ನೆನಪು ಅಷ್ಟು ಹಿಂದಕ್ಕೆ ಹೋಗಬೇಕಾಗಿಲ್ಲ. 2018ರ ಡಿಸೆಂಬರಿನಿಂದ ಇದೇ ತಾಲ್ಲೂಕಿನ ಅರಳಗೋಡಿನಲ್ಲಿ ಒಂದರ ಹಿಂದೊಂದು ಸಾವಾದದ್ದನ್ನು ಇವರು ಹತ್ತಿರದಿಂದ ಕಂಡವರು.

ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಊರು ಸೇರುತ್ತದೆ. ಪಂಚಾಯ್ತಿ ಸದಸ್ಯರು ಹೇಳುವುದು ಸರಳ: ಸದ್ಯ ಆ ಬೆಟ್ಟಕ್ಕೆ ದರಕಿಗೆ ಹೋಗುವುದು ಬೇಡ, ದನ ಹೊಡೆಯುವುದೂ ಬೇಡ. ಹಿಂದಿನ ಸಾಲಿನಿಂದ ಹಿರಿಯ ಭಟ್ಟರೊಬ್ಬರು ಸಿಡುಕುತ್ತಾರೆ: "ಹಂಗಾರೆ ಕೊಟ್ಟಿಗೆಗೆ ಎಂಥ ಹಾಸೂದು? ನಿಮ್ಮ ಭಾಷಣವಾ?"

ಎಲ್ಲರೂ ನಗುತ್ತಾರೆ. ಆದರೆ ಪ್ರಶ್ನೆ ನಗುವಂಥದ್ದಲ್ಲ. ದರಕು ಇಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಕಾಡಿಗೆ ಹೋಗಬೇಡಿ ಎಂಬ ಸುತ್ತೋಲೆ ಬರೆದವರು ಈ ಲೆಕ್ಕ ಹಾಕಿರುವುದಿಲ್ಲ.

ಕೊನೆಗೆ ಹೊಳೆಯಾಚೆಯವರೊಬ್ಬರು ಎದ್ದು, "ನಮ್ಮ ಬದಿಯಿಂದ ತಗಂಡು ಹೋಗಿ ಭಟ್ರೇ, ಈ ವರ್ಷಕ್ಕೆ ಸಾಕಾಗ್ತದೆ," ಎನ್ನುತ್ತಾರೆ. ಸಭೆ ಮುಗಿಯುವುದು ಆ ಮಾತಿಗೇ. ಆಶಾ ಮಾತ್ರ ಆಗಲೇ ಎದ್ದು ಹೋಗಿದ್ದಾರೆ. ಕೆಳಗಿನ ಕೇರಿಯಲ್ಲಿ ಯಾರಿಗೋ ಜ್ವರವಂತೆ, ರಕ್ತದ ಮಾದರಿ ತೆಗೆಸಬೇಕು.

ಈ ಕಾಯಿಲೆಗೆಂದೇ ಮಾಡಿದ ಔಷಧಿ ಇಲ್ಲ. ಹಳೆಯ ಲಸಿಕೆ ಪರಿಣಾಮ ಸಾಲದೆ 2022ರಲ್ಲಿ ನಿಂತುಹೋಯಿತು. ಹೊಸದನ್ನು ಬೇಗ ತರುವುದು ಸರ್ಕಾರದ ಹೊಣೆ. ಊರಿನ ಒಗ್ಗಟ್ಟನ್ನು ಹೊಗಳಿ ಅದರಿಂದ ಜಾರಿಕೊಳ್ಳುವಂತಿಲ್ಲ. ಮಲೆನಾಡಿನ ಓದುಗರೇ, ಡಿಸೆಂಬರಿನಿಂದ ಮೇ ತನಕ ಎಣ್ಣೆ ಹಚ್ಚದೆ ಕಾಡಿಗೆ ಕಾಲಿಡಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ, ಹೂಳದೆ, ಮೊದಲು ನಿಮ್ಮೂರಿನ ಆಶಾಗೆ ಫೋನು ಮಾಡಿ.